ಕಚೇರಿಗೆ ಮರಳಿದ ಮಕ್ಕಳು, ತೋಟದಲ್ಲಿ ಉಳಿದ ಕೆಲಸ

2020ರ ಮಾರ್ಚ್ ತಿಂಗಳ ಕೊನೆಯ ವಾರ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ಅದಕ್ಕೆ ತುಸು ಮೊದಲು ಮತ್ತು ಆನಂತರದ ತಿಂಗಳುಗಳಲ್ಲಿ ನಮ್ಮ ಮಲೆನಾಡಿನ ಅನೇಕ ಬೆಳೆಗಾರರ ಮಕ್ಕಳು ಬೆಂಗಳೂರಿನಿಂದ ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದು ಸೇರಿದರು. ಎರಡು ವಾರಕ್ಕೆಂದು ಬಂದವರು ಎರಡು ವರ್ಷ ಉಳಿದರು. ಕೆಲವರು ಮೂರು ವರ್ಷವನ್ನೂ ದಾಟಿದರು. ಉಪ್ಪರಿಗೆಯ ಕೋಣೆಯೇ ಕಚೇರಿಯಾಯಿತು. ಬೆಳಿಗ್ಗೆ ಆಳುಗಳಿಗೆ ಕೆಲಸ ಹಂಚಿ, ಹತ್ತು ಗಂಟೆಗೆ ಕಂಪನಿಯ ಮೀಟಿಂಗಿಗೆ ಕುಳಿತು, ಸಂಜೆ ಕಣದಲ್ಲಿ ಕಾಫಿ ರಾಶಿ ಮಾಡಿಸಿ, ರಾತ್ರಿ ಪುನಃ ಕಂಪನಿಯ ಕೆಲಸ ಮುಗಿಸಿದ ಯುವಕ ಯುವತಿಯರನ್ನು ನಾವೆಲ್ಲರೂ ಕಂಡಿದ್ದೇವೆ.

ಅವರಲ್ಲಿ ಬಹುಪಾಲು ಮಂದಿ ಈಗ ಕಚೇರಿಗೆ ಮರಳಿದ್ದಾರೆ. ಇದು ಕಂಪನಿಗಳ ಆಡಳಿತದ ವಿಷಯ, ಸಂಘದ ಪತ್ರಿಕೆಗೆ ಇದರಿಂದ ಏನಾಗಬೇಕು ಎಂದು ಯಾರಾದರೂ ಕೇಳಬಹುದು. ನಮ್ಮ ದೇಶದ ಕಾಫಿ ಹಿಡುವಳಿಗಳಲ್ಲಿ ಬಹುತೇಕ ಎಲ್ಲವೂ 10 ಹೆಕ್ಟೇರಿಗಿಂತ ಕಡಿಮೆಯವು. ಅಡಿಕೆ ತೋಟಗಳು ಇನ್ನೂ ಚಿಕ್ಕವು. ಇಂಥ ಹಿಡುವಳಿಗೆ ಸಂಬಳದ ರೈಟರನ್ನು ಇಡುವ ಶಕ್ತಿ ಇರುವುದಿಲ್ಲ. ಮನೆಯವರೇ ರೈಟರು, ಮನೆಯವರೇ ಮೇಸ್ತ್ರಿ. ಆ ಎರಡು ಮೂರು ವರ್ಷ ಮಗನೋ ಮಗಳೋ ಸೊಸೆಯೋ ಹೊತ್ತುಕೊಂಡಿದ್ದ ಕೆಲಸ ಇಂದು ಅರವತ್ತು ಎಪ್ಪತ್ತು ವಯಸ್ಸಿನವರ ಹೆಗಲಿಗೆ ಮರಳಿದೆ. ಆದುದರಿಂದ ಇದು ಸಂಘದ ವಿಷಯವೇ ಸರಿ.

ಬಂದ ಬಗೆ, ಹೋದ ಬಗೆ

ಮನೆಯಿಂದ ಕಚೇರಿ ಕೆಲಸ ಮಾಡುವ ಆಲೋಚನೆ ಹೊಸದಲ್ಲ. ಅಮೆರಿಕದ ಜ್ಯಾಕ್ ನಿಲ್ಸ್ ಎಂಬುವರು 1973ರಲ್ಲಿಯೇ, ನಗರದ ವಾಹನ ದಟ್ಟಣೆಗೆ ಪರಿಹಾರವಾಗಿ ಇದನ್ನು ಸೂಚಿಸಿ ಅದಕ್ಕೊಂದು ಹೆಸರನ್ನೂ ಕೊಟ್ಟಿದ್ದರು. ನಮ್ಮಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಬಂದದ್ದು ರೋಗದ ಕಾರಣದಿಂದ. 2020ರ ನವೆಂಬರ್‌ನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯು ಈ ಬಗೆಯ ಕಂಪನಿಗಳ ಮೇಲಿದ್ದ ನಿಬಂಧನೆಗಳನ್ನು ಸಡಿಲಿಸಿ, ಮನೆಯಿಂದ ಅಥವಾ ಎಲ್ಲಿಂದಲಾದರೂ ಕೆಲಸ ಮಾಡುವುದಕ್ಕೆ ದಾರಿ ಸುಗಮಗೊಳಿಸಿತು. 2021ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯ ಸರ್ಕಾರವೇ, ಮೆಟ್ರೋ ಕಾಮಗಾರಿ ನಡೆಯುತ್ತಿದ್ದ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಕಂಪನಿಗಳು 2022ರ ಡಿಸೆಂಬರ್‌ವರೆಗೆ ಈ ಏರ್ಪಾಡನ್ನು ಮುಂದುವರಿಸಲಿ ಎಂದು ಸಲಹೆ ನೀಡಿತು.

ದೊಡ್ಡ ಕಂಪನಿಗಳೂ ಆಗ ಇದು ಶಾಶ್ವತವೆಂಬಂತೆಯೇ ಮಾತನಾಡಿದವು. 2025ರ ಹೊತ್ತಿಗೆ ತನ್ನ ನೌಕರರಲ್ಲಿ ಶೇ. 25ಕ್ಕಿಂತ ಹೆಚ್ಚು ಮಂದಿ ಕಚೇರಿಯಲ್ಲಿ ಇರಬೇಕಾಗಿಲ್ಲ ಎಂಬ ಯೋಜನೆಯನ್ನು ಟಿ.ಸಿ.ಎಸ್. ಕಂಪನಿ 2020ರಲ್ಲಿ ಪ್ರಕಟಿಸಿತ್ತು. ಅದೇ ಕಂಪನಿ 2023ರ ಅಕ್ಟೋಬರ್‌ನಿಂದ ವಾರದ ಐದು ದಿನವೂ ಕಚೇರಿಗೆ ಬರಬೇಕೆಂದು ಹೇಳಿತು; 2024ರಲ್ಲಿ ಹಾಜರಾತಿಗೂ ಸಂಬಳದ ಒಂದು ಭಾಗಕ್ಕೂ ಗಂಟು ಹಾಕಿತು. ವಿಪ್ರೊ 2023ರ ನವೆಂಬರ್‌ನಿಂದ ವಾರಕ್ಕೆ ಮೂರು ದಿನ ಕಡ್ಡಾಯ ಮಾಡಿತು. ಅದೇ ತಿಂಗಳು ಇನ್ಫೋಸಿಸ್ ಕೆಲವು ದರ್ಜೆಯ ನೌಕರರಿಗೆ ತಿಂಗಳಿಗೆ ಹತ್ತು ದಿನವೆಂದು ನಿಗದಿ ಮಾಡಿತು. ಅಮೆಜಾನ್ ಕಂಪನಿ 2025ರ ಜನವರಿಯಿಂದ ಐದು ದಿನದ ನಿಯಮಕ್ಕೆ ಹಿಂತಿರುಗಿತು. ದೊಡ್ಡವರ ಮಾತನ್ನು ನಂಬಿ ಊರಿನಲ್ಲಿ ಕೋಣೆ ಕಟ್ಟಿಸಿದವರು, ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸಿದವರು, ಹೊಸ ಗಿಡ ಹಾಕಿಸಿದವರು ಈ ಆದೇಶಗಳಿಂದ ಪೇಚಿಗೆ ಸಿಲುಕಿದ್ದು ಸಹಜ.

ಮಸ್ಟರ್ ಲೆಕ್ಕ, ಕೆ.ಜಿ. ಲೆಕ್ಕ

ಕಂಪನಿಯವರು ಹೀಗೇಕೆ ಮಾಡಿದರು ಎಂದು ಮಕ್ಕಳು ಸಿಟ್ಟಿನಿಂದ ಕೇಳುತ್ತಾರೆ. ತೋಟ ಮಾಡಿದವರಿಗೆ ಇದರ ಉತ್ತರ ತಿಳಿಯುವುದು ಕಷ್ಟವಲ್ಲ. ಕಾಫಿ ಹಣ್ಣು ಕೊಯ್ಯುವಾಗ ನಾವು ಕೆ.ಜಿ. ಲೆಕ್ಕದಲ್ಲಿ ಕೂಲಿ ಕೊಡುತ್ತೇವೆ. ಆಳು ಎಷ್ಟು ಹೊತ್ತಿಗೆ ಬಂದ, ಎಷ್ಟು ಸಲ ಕುಳಿತ ಎಂದು ನೋಡುವುದಿಲ್ಲ. ಸಂಜೆ ತೂಕ ನೋಡಿದರೆ ಸಾಕು. ಆದರೆ ಮರಗಸಿಗೂ ಚಿಗುರು ತೆಗೆಯುವುದಕ್ಕೂ ಕೆ.ಜಿ. ಲೆಕ್ಕ ಹಾಕಲು ಬರುವುದಿಲ್ಲ. ಅಲ್ಲಿ ಮಸ್ಟರ್ ಬೇಕು, ಜೊತೆಗೆ ನಿಂತು ತೋರಿಸುವವರು ಬೇಕು. ಕೆ.ಜಿ. ಲೆಕ್ಕದಲ್ಲೂ ಕಣ್ಣು ತಪ್ಪಿದರೆ ಹಸಿರು ಕಾಯಿ ಚೀಲಕ್ಕೆ ಬೀಳುತ್ತದೆ, ರೆಂಬೆ ಮುರಿಯುತ್ತದೆ.

ಕಚೇರಿಯ ಕೆಲಸದಲ್ಲೂ ಈ ಎರಡು ಬಗೆಯುಂಟು. ಅಳೆಯಬಹುದಾದ ಕೆಲಸ ಎಲ್ಲಿ ಕುಳಿತು ಮಾಡಿದರೂ ಒಂದೇ. ಕಲಿಸುವುದು, ಕಲಿಯುವುದು, ನಾಲ್ಕು ಜನ ಕೂಡಿ ಒಂದು ತೊಡಕು ಬಿಡಿಸುವುದು, ಹೊಸದಾಗಿ ಸೇರಿದವರನ್ನು ತಿದ್ದುವುದು ಇವು ಮರಗಸಿಯ ಜಾತಿಗೆ ಸೇರಿದವು. ಅಲ್ಲದೆ ಕೆಲವರು ಮನೆಯಲ್ಲಿ ಕುಳಿತು ಎರಡೆರಡು ಕಂಪನಿಗೆ ದುಡಿದದ್ದೂ ಬೆಳಕಿಗೆ ಬಂದಿತು. ಈ ಕಾರಣಕ್ಕೆ 300 ಮಂದಿಯನ್ನು ತೆಗೆದುಹಾಕಿದುದಾಗಿ ವಿಪ್ರೊ ಅಧ್ಯಕ್ಷರು 2022ರ ಸೆಪ್ಟೆಂಬರ್‌ನಲ್ಲಿ ಹೇಳಿದರು. ಮಾಲೀಕನ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ.

ಹಾಗೆಂದು ಮಕ್ಕಳ ವಾದದಲ್ಲಿ ಹುರುಳಿಲ್ಲವೆಂದಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಸಿಟ್ರಿಪ್ ಎಂಬ ಪ್ರವಾಸಿ ಕಂಪನಿಯಲ್ಲಿ 2010-11ರಲ್ಲಿ ಒಂದು ಪ್ರಯೋಗ ನಡೆಸಿದರು. ಫೋನಿನಲ್ಲಿ ಗಿರಾಕಿಗಳಿಗೆ ಉತ್ತರಿಸುವ ನೌಕರರ ಪೈಕಿ ಒಪ್ಪಿ ಮುಂದೆ ಬಂದವರಲ್ಲಿ, ಸಮಸಂಖ್ಯೆಯ ತಾರೀಖಿನಲ್ಲಿ ಹುಟ್ಟಿದವರಿಗೆ ವಾರಕ್ಕೆ ನಾಲ್ಕು ದಿನ ಮನೆ, ಬೆಸಸಂಖ್ಯೆಯವರಿಗೆ ಎಂದಿನಂತೆ ಕಚೇರಿ. ಒಂಬತ್ತು ತಿಂಗಳ ಕೊನೆಗೆ ಮನೆಯವರ ಕೆಲಸ ಶೇ. 13ರಷ್ಟು ಹೆಚ್ಚಿತ್ತು, ಕೆಲಸ ಬಿಡುವವರ ಪ್ರಮಾಣ ಅರ್ಧಕ್ಕೆ ಇಳಿದಿತ್ತು. ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸುವವರೇ ಹೆಚ್ಚು. ಪ್ರಯೋಗ ಮುಗಿದ ಮೇಲೆ ನಿಮ್ಮ ಇಷ್ಟ ಎಂದಾಗ, ಮನೆಯಿಂದ ಕೆಲಸ ಮಾಡಿದವರಲ್ಲಿ ಸುಮಾರು ಅರ್ಧದಷ್ಟು ಜನ ಕಚೇರಿಗೇ ಮರಳಿದರು. ಒಂಟಿತನ ಎಂಬುದೇ ಅವರು ಕೊಟ್ಟ ಮುಖ್ಯ ಕಾರಣ. ಕೆಲಸ ಸಮನಾಗಿದ್ದರೂ ಮನೆಯಲ್ಲಿದ್ದವರಿಗೆ ಬಡ್ತಿ ಕಡಿಮೆ ಸಿಕ್ಕಿತ್ತು ಎಂಬುದನ್ನೂ ಗಮನಿಸಬೇಕು.

ಅದೇ ಕಂಪನಿಯಲ್ಲಿ 1612 ಪದವೀಧರ ನೌಕರರ ಮೇಲೆ ನಡೆದ ಇನ್ನೊಂದು ಪ್ರಯೋಗದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಇಲ್ಲಿ ವಾರಕ್ಕೆ ಎರಡು ದಿನ ಮಾತ್ರ ಮನೆ, ಮಿಕ್ಕ ಮೂರು ದಿನ ಕಚೇರಿ. ಕೆಲಸದಲ್ಲಾಗಲಿ ಬಡ್ತಿಯಲ್ಲಾಗಲಿ ಏನೂ ಕೊರತೆಯಾಗಲಿಲ್ಲ. ಕೆಲಸ ಬಿಡುವವರ ಪ್ರಮಾಣ ಮೂರನೆಯ ಒಂದು ಭಾಗದಷ್ಟು ಇಳಿಯಿತು. ಈ ಲಾಭ ಮಹಿಳೆಯರಲ್ಲಿ ಮತ್ತು ದೂರದಿಂದ ಓಡಾಡುವವರಲ್ಲಿ ಎದ್ದು ಕಂಡಿತು. ಪೂರ್ತಿ ಮನೆಯೂ ಅಲ್ಲ, ಪೂರ್ತಿ ಕಚೇರಿಯೂ ಅಲ್ಲ, ನಡುವಿನ ದಾರಿಯೇ ಲೇಸೆಂದು ನಮಗೆ ತೋರುತ್ತದೆ. ಆದರೆ ಬೆಂಗಳೂರಿನಿಂದ ಚಿಕ್ಕಮಗಳೂರಿಗೇ ಸುಮಾರು 240 ಕಿ.ಮೀ. ಆಗುವಾಗ, ವಾರಕ್ಕೆ ಮೂರು ದಿನದ ನಿಯಮವೂ ತೋಟದ ಮನೆಯ ಪಾಲಿಗೆ ಐದು ದಿನದ ನಿಯಮವೇ ಆಗಿಬಿಡುತ್ತದೆ. ನಮ್ಮ ಮಕ್ಕಳ ತೊಡಕು ಇರುವುದು ಇಲ್ಲಿ.

ಮರಳಿದವರ ಪಾಡು

ಹಿಂತಿರುಗಿದವರು ಮೊದಲ ಕೆಲವು ತಿಂಗಳು ಹೈರಾಣಾಗುತ್ತಾರೆ. ಹಕ್ಕಿಯ ಕೂಗಿಗೆ ಎದ್ದು ಅಭ್ಯಾಸವಾದವರಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ ನಿಲ್ಲುವುದು, ದಿನವಿಡೀ ದೀಪದ ಬೆಳಕಿನಲ್ಲಿ ಕುಳಿತಿರುವುದು, ಹೋಟೆಲಿನ ಊಟ ಇವೆಲ್ಲ ಮೈಗೆ ಒಗ್ಗಲು ಕಾಲ ಹಿಡಿಯುತ್ತದೆ. ಹಲವು ಮನೆಗಳ ಅನುಭವದಿಂದ ನಮಗೆ ತಿಳಿದುಬಂದ ಕೆಲವು ಸಂಗತಿಗಳನ್ನು ಇಲ್ಲಿ ಕೊಡುತ್ತೇವೆ.

ಮೊದಲನೆಯದಾಗಿ, ಕಂಪನಿಯ ಆದೇಶವನ್ನು ಪೂರ್ತಿ ಓದಬೇಕು. ಹಾಜರಾತಿಯನ್ನು ವಾರಕ್ಕೆ ಲೆಕ್ಕ ಹಿಡಿಯುತ್ತಾರೆಯೇ, ತಿಂಗಳಿಗೆಯೇ, ಮೂರು ತಿಂಗಳಿಗೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ತಿಂಗಳ ಲೆಕ್ಕವಾದರೆ ಕಚೇರಿಯ ದಿನಗಳನ್ನು ಒಟ್ಟಿಗೆ ಮುಗಿಸಿ, ಉಳಿದ ದಿನಗಳನ್ನು ಊರಿನಲ್ಲಿ ಕಳೆಯುವ ಸಾಧ್ಯತೆ ಇರುತ್ತದೆ. ಮೇಲಧಿಕಾರಿ ಬಾಯಿಮಾತಿನಲ್ಲಿ ಕೊಟ್ಟ ಸವಲತ್ತು ಆತ ವರ್ಗವಾದ ದಿನವೇ ಮುಗಿಯುತ್ತದೆ; ಅದನ್ನು ಬರಹದಲ್ಲಿ ಪಡೆಯುವುದು ಮೇಲು.

ಎರಡನೆಯದಾಗಿ, ಪ್ರತಿ ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಭಾನುವಾರ ರಾತ್ರಿ ಬಸ್ಸಿನಲ್ಲೇ ಹಿಂತಿರುಗಿ, ಸೋಮವಾರ ಬೆಳಿಗ್ಗೆ ಕಚೇರಿಗೆ ಹೋಗುವವರು ಹಲವರಿದ್ದಾರೆ. ಮಳೆಗಾಲದಲ್ಲಿ ಘಾಟಿ ಕುಸಿದರೆ ಅದೂ ಇಲ್ಲ. ಆರು ತಿಂಗಳಲ್ಲಿ ಮೈ ಸೋಲುತ್ತದೆ. ಕಚೇರಿಯೂ ಆಗುವುದಿಲ್ಲ, ತೋಟವೂ ಆಗುವುದಿಲ್ಲ. ತಿಂಗಳಿಗೆ ಒಮ್ಮೆ ಬಂದರೂ ಒಂದೆರಡು ದಿನ ರಜೆ ಸೇರಿಸಿ, ಕೆಲಸದ ದಿನವೊಂದು ಸಿಗುವಂತೆ ಬರುವುದು ಒಳ್ಳೆಯದು. ಭಾನುವಾರ ಬಂದ ಮಗನಿಗೆ ಆಳುಗಳೂ ಸಿಗುವುದಿಲ್ಲ, ಬ್ಯಾಂಕೂ ಸಿಗುವುದಿಲ್ಲ.

ಮೂರನೆಯದು ಹಿರಿಯರಿಗೆ ಹೇಳಬೇಕಾದ ಮಾತು. ಪಂಪು ಏಳುತ್ತಿಲ್ಲ, ಇವತ್ತು ಇಬ್ಬರೇ ಆಳು ಬಂದಿದ್ದಾರೆ, ಗೊಬ್ಬರದ ಲಾರಿ ಬರಲಿಲ್ಲ ಎಂದು ಬೆಳಗಿನ ಹನ್ನೊಂದು ಗಂಟೆಗೆ ಫೋನು ಮಾಡುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಮಗ ಉಪ್ಪರಿಗೆಯಲ್ಲಿದ್ದಾಗ ಮೆಟ್ಟಿಲ ಬುಡದಿಂದ ಕೂಗಿದರೆ ಇಳಿದು ಬರುತ್ತಿದ್ದ. ಈಗ ಆತ ಹತ್ತು ಜನರ ನಡುವೆ ಕುಳಿತಿರುತ್ತಾನೆ. ಫೋನು ಎತ್ತಿದರೆ ಅಲ್ಲಿ ತಪ್ಪು, ಎತ್ತದಿದ್ದರೆ ಇಲ್ಲಿ ತಪ್ಪು. ಪಂಪು ಏಳದಿದ್ದರೆ ಬೆಂಗಳೂರಿನಲ್ಲಿ ಕುಳಿತವನು ಮಾಡುವುದಾದರೂ ಏನು? ರಾತ್ರಿ ಎಂಟು ಗಂಟೆಗೋ ಒಂಬತ್ತಕ್ಕೋ ಮಾತಿಗೊಂದು ಹೊತ್ತು ಗೊತ್ತುಮಾಡಿಕೊಳ್ಳಬೇಕು. ಹಗಲು ಹೊತ್ತಿನ ಕರೆ ಕಾಯಿಲೆ ಕಸಾಲೆಗೆ ಮಾತ್ರ ಎಂದಾದರೆ, ಆ ಕರೆ ಬಂದಾಗ ಅವರೂ ತಕ್ಷಣ ಎತ್ತುತ್ತಾರೆ.

ನಾಲ್ಕನೆಯದು ಹೆಣ್ಣುಮಕ್ಕಳ ವಿಷಯ. ಮನೆಯಿಂದ ಕೆಲಸ ಮಾಡಿದ ವರ್ಷಗಳಲ್ಲಿ ಸೊಸೆಯಂದಿರ ಪಾಲಿಗೆ ಅಡಿಗೆಮನೆಯೂ ಕಂಪನಿಯೂ ಒಂದೇ ಛಾವಣಿಯ ಕೆಳಗೆ ಬಂದವು. ಮನೆಯಲ್ಲೇ ಇದ್ದಾಳಲ್ಲ ಎಂದು ಆಳುಗಳ ಕಾಫಿ ತಿಂಡಿ, ನೆಂಟರ ಉಪಚಾರ ಎಲ್ಲವೂ ಅವಳ ಮೇಲೆಯೇ ಬಿತ್ತು. ಕಚೇರಿಗೆ ಮರಳಿದ್ದೇ ನೆಮ್ಮದಿಯಾಯಿತು ಎಂದು ಬಾಯಿಬಿಟ್ಟು ಹೇಳಿದವರುಂಟು. ಅದನ್ನು ಅತ್ತೆ ಮಾವಂದಿರು ಮುನಿಸಿಗೆ ಕಾರಣ ಮಾಡಿಕೊಳ್ಳಬಾರದು. ಎಳೆಗೂಸಿನ ತಾಯಂದಿರು ಒಂದು ಅಂಶ ತಿಳಿದಿರಬೇಕು. ಹೆರಿಗೆ ರಜೆಯ ನಂತರ, ಕೆಲಸದ ಸ್ವರೂಪ ಅನುಕೂಲವಾಗಿದ್ದರೆ, ಮಾಲೀಕರೊಡನೆ ಒಪ್ಪಂದ ಮಾಡಿಕೊಂಡು ಕೆಲಕಾಲ ಮನೆಯಿಂದ ಕೆಲಸ ಮಾಡುವ ಅವಕಾಶವನ್ನು ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿ ಕಲ್ಪಿಸಿತು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುವಿಹಾರದ ಏರ್ಪಾಡು ಇರಬೇಕೆಂದೂ ಅದು ವಿಧಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಎರಡು ಅಂಶಗಳಿವೆ. ಮನೆಯಿಂದ ಕೆಲಸ ಇಲ್ಲಿ ಹಕ್ಕಲ್ಲ, ಒಪ್ಪಂದದ ಮಾತು. ಆದರೂ ಕೇಳುವವರಿಗೆ ಕಾನೂನಿನ ಒಂದು ಆಧಾರವಿದೆ.

ತೋಟದ ಪಂಚಾಂಗ, ಕಚೇರಿಯ ರಜೆ

ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ತೋಟಕ್ಕೆ ಮನೆಯವರ ಕಣ್ಣು ವರ್ಷದ 365 ದಿನವೂ ಒಂದೇ ಸಮನಾಗಿ ಬೇಕೆ? ಲೆಕ್ಕ ಹಾಕಿದರೆ, ತಪ್ಪಿದರೆ ನಷ್ಟವಾಗುವ ದಿನಗಳು ಹೆಚ್ಚಿಲ್ಲ. ಮಕ್ಕಳ ರಜೆಯನ್ನು ಈ ದಿನಗಳಿಗೆ ಹೊಂದಿಸುವುದೇ ಜಾಣತನ.

ರೊಬಸ್ಟ ಇರುವವರಿಗೆ ಫೆಬ್ರವರಿ-ಮಾರ್ಚ್‌ನ ಸ್ಪ್ರಿಂಕ್ಲರ್ ನೀರು, ಅದಾಗಿ ಎರಡು ಮೂರು ವಾರಕ್ಕೆ ಬ್ಯಾಕಿಂಗ್ ನೀರು. ಪೈಪು ಎಳೆಯುವ ಈ ದಿನಗಳಲ್ಲಿ ಗಟ್ಟಿಮುಟ್ಟಾದ ಒಬ್ಬರು ಮನೆಯಲ್ಲಿರಬೇಕು. ಅರೇಬಿಕ ಇರುವವರಿಗೆ ಬಿಳಿ ಕಾಂಡಕೊರಕದ ದುಂಬಿ ಹಾರುವ ಕಾಲಕ್ಕೆ ಮುನ್ನ, ಅಂದರೆ ಏಪ್ರಿಲ್‌ಗೆ ಮೊದಲೊಮ್ಮೆ, ಅಕ್ಟೋಬರ್‌ಗೆ ಮೊದಲೊಮ್ಮೆ, ಬೋರರ್ ಗಿಡ ಗುರುತಿಸಿ ತೆಗೆಸುವ ಕೆಲಸ. ಅಡಿಕೆಗೆ ಮುಂಗಾರು ಹಿಡಿಯುವ ಮುನ್ನ ಮೊದಲ ಔಷಧಿ, ಅದಾಗಿ 40-45 ದಿನಕ್ಕೆ ಎರಡನೆಯದು. ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಎಂಬುದು ಎಲ್ಲರಿಗೂ ಗೊತ್ತು. ಕೊನೆಗೌಡ ಮರ ಹತ್ತುವಾಗ ಕೆಳಗೆ ನಿಂತು ನೋಡುವವರಿಲ್ಲದಿದ್ದರೆ ಗೊತ್ತಿದ್ದೂ ಪ್ರಯೋಜನವಿಲ್ಲ. ಕೊನೆಗೆ ಕೊಯ್ಲು. ಅರೇಬಿಕ ನವೆಂಬರ್‌ನಿಂದ, ರೊಬಸ್ಟ ಜನವರಿಯಿಂದ; ಅಡಿಕೆ ಕೊನೆ ಇಳಿಸುವುದೂ ಇದೇ ಕಾಲಕ್ಕೆ ಬರುತ್ತದೆ.

ಇವೆಲ್ಲಕ್ಕೂ ಒಬ್ಬನೇ ಬರುವುದು ಆಗದ ಮಾತು. ಅಣ್ಣತಮ್ಮಂದಿರು, ಮಗಳು ಅಳಿಯ ಸೇರಿ ಯುಗಾದಿಯ ಹೊತ್ತಿಗೆ ಒಮ್ಮೆ ಕುಳಿತು, ಯಾರ ರಜೆ ಯಾವ ಕೆಲಸಕ್ಕೆ ಎಂದು ಬರೆದಿಟ್ಟುಕೊಂಡರೆ ಕೆಲಸವೂ ಹಂಚುತ್ತದೆ, ಮುಂದೆ ಬರುವ ಮಾತೂ ತಪ್ಪುತ್ತದೆ. ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಸೇರಿ ಔಷಧಿ ಹೊಡೆಸುವುದನ್ನೂ ನೀರು ಹಾಯಿಸುವುದನ್ನೂ ಒಬ್ಬರ ನಂತರ ಒಬ್ಬರಂತೆ ಮುಗಿಸಿದರೆ, ಮೇಲ್ವಿಚಾರಣೆಗೆ ಪ್ರತಿ ಮನೆಯಿಂದ ಒಬ್ಬರು ಬೇಕಾಗುವುದಿಲ್ಲ. ಮುಯ್ಯಾಳು ಪದ್ಧತಿ ನಮಗೆ ಹೊಸದೇನಲ್ಲ.

ಕೆಲಸ ಬಿಟ್ಟು ಬರಬೇಕೆ?

ಇದು ಈಗ ಹಲವು ಮನೆಗಳಲ್ಲಿ ಎದ್ದಿರುವ ಪ್ರಶ್ನೆ. 2024-25ರಲ್ಲಿ ಕಾಫಿಗೆ, ಅದರಲ್ಲೂ ರೊಬಸ್ಟಕ್ಕೆ, ಹಿಂದೆಂದೂ ಕಾಣದ ಬೆಲೆ ಬಂದಿತು. ಕಚೇರಿಯ ಆದೇಶವೂ ಆಸುಪಾಸಿನಲ್ಲೇ ಬಂದುದರಿಂದ, ಈ ನೌಕರಿಯೇ ಬೇಡ ಎನ್ನುವ ಮನಸ್ಸು ಮಕ್ಕಳಿಗೆ ಬರುವುದು ಸಹಜ. ತಂದೆ ತಾಯಿಗಳಿಗೂ ಒಳಗೊಳಗೇ ಅದೇ ಆಸೆ.

ಆದರೆ ನಮ್ಮ ತಲೆಮಾರಿನವರು ಬೇರೆಯದನ್ನೂ ಕಂಡಿದ್ದೇವೆ. 1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ನಿಂತಾಗ ಬೆಲೆ ಕುಸಿದುದನ್ನು ಕಂಡಿದ್ದೇವೆ. 2000ದ ನಂತರದ ಎರಡು ಮೂರು ವರ್ಷ ಕೊಯ್ಲಿನ ಕೂಲಿಯೂ ಹುಟ್ಟದಂಥ ಬೆಲೆಯನ್ನು ಕಂಡಿದ್ದೇವೆ. ಅಡಿಕೆಗೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಬಂದು ತೋಟಕ್ಕೆ ತೋಟವೇ ಸೊರಗಿದ ಊರುಗಳಿವೆ. ಆದುದರಿಂದ ಲೆಕ್ಕ ಹಾಕುವಾಗ ಕಳೆದ ವರ್ಷದ ಬೆಲೆಯನ್ನು ಹಿಡಿಯಬಾರದು. ಹತ್ತು ವರ್ಷದ ಸರಾಸರಿ ಫಸಲು, ಹತ್ತು ವರ್ಷದ ಸರಾಸರಿ ಬೆಲೆ ಹಿಡಿದು, ಖರ್ಚು ಕಳೆದು ಉಳಿದದ್ದರಲ್ಲಿ ಎರಡು ಸಂಸಾರ ನಡೆಯುವುದೇ ಎಂದು ನೋಡಬೇಕು. ತಂದೆಯ ಸಂಸಾರ ಒಂದು, ಮಗನದು ಒಂದು. ಬೆಂಗಳೂರಿನ ಮನೆ ಸಾಲ, ಮಕ್ಕಳ ವಿದ್ಯಾಭ್ಯಾಸ, ಕಂಪನಿ ಕೊಡುತ್ತಿದ್ದ ಆಸ್ಪತ್ರೆ ವಿಮೆ ಇವನ್ನು ಸೇರಿಸದ ಲೆಕ್ಕ ಲೆಕ್ಕವೇ ಅಲ್ಲ.

ಈ ಲೆಕ್ಕ ಕೂಡಿದರೆ ಧಾರಾಳವಾಗಿ ಬರಲಿ. ನಮ್ಮ ಸಂಘಕ್ಕೆ ಓದಿದ ಯುವಕರು ಬೇಕಾಗಿದ್ದಾರೆ. ಕೂಡದಿದ್ದರೆ ನೌಕರಿಯಲ್ಲಿರುವುದು ತೋಟಕ್ಕೆ ಮಾಡಿದ ದ್ರೋಹವಲ್ಲ. ಕೆಟ್ಟ ವರ್ಷಗಳಲ್ಲಿ ಎಷ್ಟೋ ತೋಟಗಳು ಮಾರಾಟವಾಗದೆ ಉಳಿದಿರುವುದು ಬೆಂಗಳೂರಿನಿಂದ ತಿಂಗಳು ತಿಂಗಳು ಬಂದ ಹಣದಿಂದ ಎಂಬುದನ್ನು ಸಂಘದಲ್ಲಿ ಕುಳಿತ ನಾವು ಬಲ್ಲೆವು.

ಹಿರಿಯರು ಈಗಲೇ ಮಾಡಬೇಕಾದುದು

ಮಕ್ಕಳು ಊರಿನಲ್ಲಿದ್ದ ಆ ವರ್ಷಗಳಿಂದ ಒಂದು ಲಾಭ ನಿಶ್ಚಯವಾಗಿ ಆಯಿತು. ಯಾವ ಪಟ್ಟೆಯಲ್ಲಿ ನೀರು ನಿಲ್ಲುತ್ತದೆ, ಯಾವ ಆಳಿಗೆ ಎಷ್ಟು ಮುಂಗಡ ಕೊಟ್ಟಿದೆ, ಗಡಿಯ ಕಲ್ಲು ಎಲ್ಲಿದೆ ಎಂಬುದನ್ನು ಅವರು ಅಷ್ಟಿಷ್ಟು ತಿಳಿದುಕೊಂಡರು. ಆ ತಿಳಿವಳಿಕೆ ಮರೆಯಾಗುವ ಮೊದಲು ಅದನ್ನು ಒಂದು ಪುಸ್ತಕಕ್ಕೆ ಇಳಿಸಬೇಕು. ನಮ್ಮಲ್ಲಿ ಬಹುಮಂದಿ ತೋಟದ ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಂಡಿದ್ದೇವೆ. ಅದು ನಮ್ಮೊಡನೆಯೇ ಹೋಗುತ್ತದೆ.

ಮುಂದಿನ ಸಲ ಮಕ್ಕಳು ರಜೆಯಲ್ಲಿ ಬಂದಾಗ ಒಂದು ಪೂರ್ವಾಹ್ನವನ್ನು ಕಾಗದಪತ್ರಕ್ಕೆ ಮೀಸಲಿಡಿ. ಪಹಣಿ ಯಾರ ಹೆಸರಿನಲ್ಲಿದೆ, ತಂದೆ ಅಜ್ಜಂದಿರ ಹೆಸರಿನಲ್ಲೇ ಉಳಿದಿದ್ದರೆ ಪೌತಿ ಖಾತೆ ಆಗಿದೆಯೇ, ಸರ್ವೆ ನಂಬರು ಮತ್ತು ವಿಸ್ತೀರ್ಣ ಸರಿಯಾಗಿವೆಯೇ, ಬೆಳೆ ಸಾಲ ಎಲ್ಲೆಲ್ಲಿದೆ, ಬ್ಯಾಂಕಿನ ಖಾತೆಗೆ ಯಾವ ಫೋನ್ ನಂಬರು ಜೋಡಿಸಿದೆ, ಸಂಘದ ಷೇರಿಗೆ ನಾಮಿನಿ ಯಾರು ಎಂಬುದನ್ನು ಅವರ ಮುಂದಿಟ್ಟು ತೋರಿಸಿ. ನಾಮಿನಿ ಎಂದ ಮಾತ್ರಕ್ಕೆ ವಾರಸುದಾರನಾಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಮಗ ಮಗಳಿಗೆ ತೋಟದ ಮೇಲೆ ಆಸ್ಥೆ ಉಳಿಯಬೇಕಾದರೆ ಕೆಲಸವನ್ನಷ್ಟೇ ಹೇಳಿದರೆ ಸಾಲದು. ಯಾವ ಪಟ್ಟೆಗೆ ಯಾವ ಗಿಡ, ಮಾಲು ಯಾವಾಗ ಮಾರುವುದು ಎಂಬಂಥ ಒಂದೆರಡು ತೀರ್ಮಾನವನ್ನಾದರೂ ಅವರಿಗೆ ಬಿಡಬೇಕು. ಮಾರುಕಟ್ಟೆಯ ದರವನ್ನು ಬೆಂಗಳೂರಿನಲ್ಲಿ ಕುಳಿತೇ ನೋಡಬಹುದು. ಲೆಕ್ಕಪತ್ರವನ್ನು ಅಲ್ಲಿಂದಲೇ ಬರೆಯಬಹುದು. ತೋಟದ ಕೆಲಸದಲ್ಲೂ ಮನೆಯಿಂದಲ್ಲದೆ ದೂರದಿಂದ ಮಾಡಬಹುದಾದ ಭಾಗವೊಂದು ಇದೆ ಎಂಬುದನ್ನು ನಾವು ಈಗ ಕಲಿಯಬೇಕಾಗಿದೆ.

ಮನೆ ಬರಿದಾದಂತೆ ಅನಿಸುತ್ತದೆ ಎಂದು ಸಂಘಕ್ಕೆ ಬಂದ ಹಿರಿಯ ಸದಸ್ಯರು ಹೇಳುವುದುಂಟು. ಆ ಮಾತಿಗೆ ನಮ್ಮಲ್ಲಿ ಔಷಧಿಯಿಲ್ಲ. ಆದರೆ ಅದನ್ನು ಪ್ರತಿ ಫೋನಿನಲ್ಲೂ ಮಕ್ಕಳ ಮೇಲೆ ಹೊರಿಸಿದರೆ, ಕಚೇರಿಗೆ ಹೊಂದಿಕೊಳ್ಳಲು ಹೆಣಗುತ್ತಿರುವವರ ಹೆಗಲಿಗೆ ಇನ್ನೊಂದು ಹೊರೆ ಕಟ್ಟಿದಂತಾಗುತ್ತದೆ. ಮಕ್ಕಳು ರಜೆಯಲ್ಲಿ ಬಂದಾಗ ಅವರನ್ನು ಒಮ್ಮೆ ಸಂಘದ ಕಚೇರಿಗೆ ಕರೆತನ್ನಿ. ಸದಸ್ಯತ್ವ, ನಾಮಿನಿ ಮತ್ತು ಸಾಲದ ದಾಖಲೆಗಳನ್ನು ಅವರೆದುರಿಗೇ ನೋಡಿ ಸರಿಪಡಿಸಿಕೊಡಲು ಸಿಬ್ಬಂದಿಗೆ ತಿಳಿಸಲಾಗಿದೆ. ಬರುವಾಗ ಪಹಣಿಯ ಪ್ರತಿ, ಆಧಾರ್ ಚೀಟಿ ಮತ್ತು ಸಂಘದ ಪಾಸ್ ಪುಸ್ತಕ ಜೊತೆಯಲ್ಲಿರಲಿ.